ನೀರಿನ ಕಟ್ಟೆಯ ಪರಿಪೂರ್ಣ ಸಂಖ್ಯೆ

ಅಲ್ಜೀರಿಯಾದ ಟ್ಲೆಮ್ಸೆನ್ ಊರಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಲಾರ್ಬಿ ಮೇಷ್ಟ್ರು, ನಮ್ಮ ಕಡೆಯ ಗೌರವದ ಮಾತಿನಲ್ಲಿ ಸಿ ಲಾರ್ಬಿ, ಮೂವತ್ತು ವರ್ಷ ಗಣಿತ ಕಲಿಸಿದರು. ನಿವೃತ್ತರಾದಾಗ ಹಳೆಯ ವಿದ್ಯಾರ್ಥಿನಿಯರು ಅಂಗಳದಲ್ಲಿ ಅವರ ಹೆಸರಿನದೊಂದು ಕುಡಿಯುವ ನೀರಿನ ಕಟ್ಟೆ ಕಟ್ಟಿಸಿದರು. ಅದರ ಮೇಲೆ ಏನು ಬರೆಸೋಣವೆಂದು ಕೇಳಿದರೆ ಮೇಷ್ಟ್ರು ಹೇಳಿದ್ದು ಬರೀ ಒಂದು ಸಂಖ್ಯೆ: 20,96,128.

ಅದು ಪರಿಪೂರ್ಣ ಸಂಖ್ಯೆಯೆಂದು ಅವರು ನಂಬಿದ್ದರು. ಆರನ್ನು ಶೇಷವಿಲ್ಲದೆ ಭಾಗಿಸುವ ಚಿಕ್ಕ ಸಂಖ್ಯೆಗಳು ಒಂದು, ಎರಡು, ಮೂರು; ಕೂಡಿಸಿದರೆ ಮತ್ತೆ ಆರೇ. ಇಪ್ಪತ್ತೆಂಟೂ ಹಾಗೆಯೇ. ಅಂಥವು ಬಲು ವಿರಳ. ಒಂದು, ಎರಡು ಕೂಡಿಸಿ ಬಂದ ಮೂರನ್ನು ಕೊನೆಯ ಎರಡರಿಂದ ಗುಣಿಸಿದರೆ ಆರು ಸಿಗುತ್ತದೆ. ಹಾಗೆಯೇ ಒಂದರಿಂದ ಹೊರಟು ದುಪ್ಪಟ್ಟು ಮಾಡುತ್ತ 1024ರವರೆಗೆ ಹೋಗಿ, ಎಲ್ಲವನ್ನೂ ಕೂಡಿಸಿದರೆ 2047. ಅದನ್ನು 1024ರಿಂದ ಗುಣಿಸಿ ಅವರು ಈ ಸಂಖ್ಯೆಗೆ ತಲುಪಿದ್ದರು.

ಕಟ್ಟೆಗೆ ಕೂರಿಸಲು ಆ ಸಂಖ್ಯೆ ಬರೆದ ನೀಲಿ ಟೈಲು ತಯಾರಾಗಿ ಬಂದ ದಿನ, ಅದೇ ಶಾಲೆಯಲ್ಲಿ ಗಣಿತ ಕಲಿಸುವ ನಾನು ಅವರ ಮನೆಯಲ್ಲಿ ಪುದೀನ ಚಹಾ ಕುಡಿಯುತ್ತಿದ್ದೆ.

"ಸಿ ಲಾರ್ಬಿ, 2047ನ್ನ ಏನೂ ಭಾಗಿಸಲ್ಲ ಅಂತ ನೋಡಿದ್ರಾ? ಭಾಗಿಸಿದ್ರೆ ಲೆಕ್ಕ ಕೆಡುತ್ತೆ."

"ಏನಮ್ಮಾ ಬದ್ರಾ, ನಂಗೇ ಪಾಠನಾ?"

"ಇಪ್ಪತ್ಮೂರನ್ನ ಎಂಬತ್ತೊಂಬತ್ತರಿಂದ ಗುಣಿಸಿ ನೋಡಿ."

ಅವರ ತುಟಿಗಳು ಅಲುಗಾಡಿದವು. ಲೋಟ ಕೆಳಗಿಟ್ಟರು. "ಚಹಾಕ್ಕೆ ಬಂದ್ಯೋ, ಜಗಳಕ್ಕೋ?" ಎಂದು ಎದ್ದು ಒಳಗೆ ಹೋದರು.

ಅವರ ಹೆಂಡತಿ ಜುಲೀಖಾ ನಕ್ಕಳು. "ಬಿಡೇ ತಂಗಿ. ಅವರು ಮಾಡಿದ ಹರೀರಾ ಸೂಪಿಗೆ ಉಪ್ಪು ಜಾಸ್ತಿ ಅಂದ್ರೂ ಹೀಗೇ ಮುನಿಸ್ಕೋತಾರೆ."

ಒಂದು ವಾರ ಮೇಷ್ಟ್ರ ಸುದ್ದಿಯೇ ಇರಲಿಲ್ಲ. ನೀರು ಕುಡಿಯಲು ಬಂದವರು ಯಾರು ಗುಣಿಸಿ ನೋಡುತ್ತಾರೆ, ಸುಮ್ಮನಿದ್ದಿದ್ದರೆ ಆಗುತ್ತಿತ್ತು ಎಂದು ನನಗೆ ಅನ್ನಿಸತೊಡಗಿತು. ಆಮೇಲೆ ಒಂದು ಬೆಳಿಗ್ಗೆ ನೇರ ನನ್ನ ತರಗತಿಗೇ ಬಂದು, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಆ ಸಂಖ್ಯೆಯನ್ನು ಬರೆದರು.

"ಇದು ಪರಿಪೂರ್ಣ ಅಂತ ನಿಮ್ಮಲ್ಲಿ ಕೆಲವರ ಅಮ್ಮಂದಿರಿಗೆ ಹೇಳಿಕೊಟ್ಟಿದ್ದೆ. ತಪ್ಪು. ಇದರೊಳಗೆ 23, 89 ಅಡಗಿ ಕೂತಿವೆ. ಭಾಗಿಸೋವನ್ನೆಲ್ಲ ಕೂಡಿಸಿದ್ರೆ 23,25,392. ತನಗಿಂತ ಎರಡು ಲಕ್ಷ ಚಿಲ್ಲರೆ ಜಾಸ್ತಿ."

ಹಿಂದಿನ ಬೆಂಚಿನ ಫರ್ದೂಸ್ ಕೇಳಿದಳು: "ಮತ್ತೆ ಕಟ್ಟೆ ಮೇಲೆ ಏನು ಹಾಕ್ತೀರಿ ಸರ್?"

"4096ರವರೆಗೆ ಹೋದ್ರೆ ಮೊತ್ತ 8191. ಅದನ್ನ ಏನೂ ಭಾಗಿಸಲ್ಲ ಅಂತೀನಿ. ನನ್ನ ಮಾತು ನಂಬಬೇಡಿ, ನೀವೇ ಭಾಗಿಸಿ ನೋಡಿ."

ಹುಡುಗಿಯರು ಅವಿಭಾಜ್ಯ ಸಂಖ್ಯೆಗಳನ್ನು ಹಂಚಿಕೊಂಡು ಭಾಗಿಸತೊಡಗಿದರು. ನಡುವೆ ಒಬ್ಬಳು "ಸಿಕ್ತು!" ಎಂದು ಕೂಗಿದಾಗ ಮೇಷ್ಟ್ರ ಮುಖ ಬಿಳಿಚಿತು. ನೋಡಿದರೆ ಅವಳು ಕಳೆಯುವುದರಲ್ಲಿ ಎಡವಿದ್ದಳು. ಕೊನೆಗೆ ಎಂಬತ್ತೊಂಬತ್ತು. ಶೇಷ ಮೂರು. ಅದರಾಚೆ ನೋಡಬೇಕಾಗಿರಲಿಲ್ಲ, ತೊಂಬತ್ತೊಂದನ್ನು ತೊಂಬತ್ತೊಂದರಿಂದ ಗುಣಿಸಿದರೇ 8191ನ್ನು ದಾಟುತ್ತದೆ.

8191ನ್ನು 4096ರಿಂದ ಎಲ್ಲರೂ ಗುಣಿಸಿದರು: 3,35,50,336.

ಮೇಷ್ಟ್ರು ಅಲ್ಲೇ ನಿಂತು ಟೈಲಿನವನಿಗೆ ಫೋನು ಮಾಡಿದರು. "ಎಂಟು ಅಂಕಿ ಮಾರಾಯ. ಹೌದು, ಒಂದು ಜಾಸ್ತಿ. ನಿಂದಲ್ಲ, ತಪ್ಪು ನಂದೇ."

ರಂಜಾನ್ ಮುಗಿದ ಮೇಲೆ ಹೊಸ ಟೈಲು ಕೂರಿಸಿ ಕಟ್ಟೆಯಲ್ಲಿ ನೀರು ಬಿಟ್ಟರು. ಮೊದಲ ಬೊಗಸೆಯನ್ನು ಮೇಷ್ಟ್ರು ಫರ್ದೂಸಳಿಗೆ ಕೊಡಿಸಿದರು.