ಕಾಲು ಚಾಚುವ ಜಾಗ

ಮಂಗಳಮ್ಮನ ಬಲಗಾಲ ಗಿಣ್ಣಿನ ಮೇಲಿನ ಹುಣ್ಣಿಗೆ ಎರಡು ವರ್ಷ ತುಂಬಿತ್ತು. ಸಕ್ಕರೆ ಕಾಯಿಲೆ ಬೇರೆ. ಎದೆಯೂ ಗಟ್ಟಿ ಇರಲಿಲ್ಲ. "ಇನ್ನೊಂದು ತಿಂಗಳು ನೋಡೋಣ. ಕುಗ್ಗದಿದ್ದರೆ ಮೈಸೂರಿಗೆ ಕಳಿಸಿ ಕಾಲು ತೆಗೆಸಬೇಕು. ತೆಗೆದರೆ ಆಕೆ ಉಳಿಯುತ್ತಾಳೆ ಅಂತ ಮಾತ್ರ ನಾನು ಹೇಳಲಾರೆ," ಅಂದಿದ್ದರು ಡಾಕ್ಟರು. ಅಂದದ್ದು ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಕಂಠಪ್ಪನ ಮುಂದೆ. ಅದನ್ನು ಮಂಗಳಮ್ಮನಿಗೆ ತಿಳಿಸುವ ಎದೆಗಾರಿಕೆ ಅವನಿಗಿರಲಿಲ್ಲ. ಅದಕ್ಕೇ ಆಕೆಯನ್ನು ಬೈಯುತ್ತಿದ್ದ.

ಸ್ವಾತಂತ್ರ್ಯ ಬಂದ ಮೇಲಿನ ಎರಡನೇ ಓಟು ಮುಗಿದ ವರ್ಷ ಅದು. ಮಂಗಳವಾರ, ಶುಕ್ರವಾರ ಕಂಠಪ್ಪ ಚುಂಚನಕಟ್ಟೆ ಆಸ್ಪತ್ರೆಯಿಂದ ಸೈಕಲ್ಲು ತುಳಿದುಕೊಂಡು ಗದ್ದೆ ಬದಿಯ ಆ ಮನೆಗೆ ಬರುತ್ತಿದ್ದ. ಹಳೇ ಪಟ್ಟಿ ಬಿಚ್ಚಿ, ಉಪ್ಪುನೀರಲ್ಲಿ ಹುಣ್ಣು ತೊಳೆದು, ಬೆರಳ ಬುಡದಿಂದ ಮಂಡಿಯವರೆಗೆ ಬಿಗಿಯಾಗಿ ಸುತ್ತುತ್ತಿದ್ದ. ಹತ್ತಿಯ ಸುರುಳಿಗೆ ಸುತ್ತಿರುತ್ತಿದ್ದ ನೀಲಿ ಕಾಗದವನ್ನು ಹುಣ್ಣಿನ ಅಳತೆಗೆ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮುಂದಿನ ಸಲ ಹೊಸ ಕಾಗದವನ್ನು ಹಳೆಯದರ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಮಂಗಳಕ್ಕ, ಕಾಲು ದಿಂಬಿನ ಮ್ಯಾಲೆ ಎತ್ತಿ ಮಲಗು ಅಂದಿದ್ನಲ್ಲ, ಮಲಗಿದ್ಯಾ?"

"ಊ ಕಣಣ್ಣ."

"ಮಲಗಿದ್ರೆ ಕುಂಬಳಕಾಯಿ ಅಂಗೆ ಯಾಕೆ ಊದ್ತದೆ? ನನ್ ಕಣ್ಣಿಗೇ ಮಣ್ಣೆರಚ್ತೀಯಾ?"

ಅಷ್ಟರಲ್ಲಿ ಆಕೆಯ ಮಾವ ಪುಟ್ಟಮಲ್ಲಪ್ಪ ಹಿತ್ತಲಿಂದ ಬಂದು, ಮಂಚದ ಎದುರಿನ ಕಂಬಕ್ಕೆ ಒರಗಿ ಕೂತರು. ಎಂಬತ್ತರ ಮುದುಕರು, ಅದು ಅವರು ಹುಟ್ಟಿದಾಗಿನಿಂದ ಕೂತ ಜಾಗ. ಮಂಗಳಮ್ಮ ತಟ್ಟನೆ ಸೆರಗು ಎಳೆದುಕೊಂಡು ಕಾಲು ಕೆಳಗಿಳಿಸಿದಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ಆಕೆ ಮಾವನ ಮುಂದೆ ಕಾಲು ಚಾಚಿದವಳಲ್ಲ.

ಕಂಠಪ್ಪನಿಗೆ ಕಳ್ಳ ಸಿಕ್ಕಿಬಿದ್ದ ಹಾಗಾಯಿತು. "ಯಜಮಾನ್ರೇ, ನಿಮ್ ಮರ್ವಾದೆ ಕಾಯಾಕೋಗಿ ನಿಮ್ ಸೊಸೆ ಕಾಲು ಕಳ್ಕತಾಳೆ! ಮೈಸೂರಲ್ಲಿ ಗರಗಸ ಕಾಯ್ತಾ ಕುಂತದೆ. ಏಳ್ರಿ, ಆಚೆಗೋಗಿ!"

ಗರಗಸದ ಮಾತು ಹೀಗೆ ಬಾಯಿ ಜಾರಿತು. ಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದುಕರು ಕಂಬಳಿ, ಊರುಗೋಲು ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ಅಂದಿನಿಂದ ಅವರ ಲಿಂಗಪೂಜೆ, ಊಟ ಎಲ್ಲ ದನಗಳ ಪಕ್ಕದಲ್ಲೇ.

ಆದರೂ ಶುಕ್ರವಾರದ ಕಾಗದ ಹಳೆಯದರಷ್ಟೇ ಇತ್ತು. ಮಂಗಳವಾರದ್ದೂ ಅಷ್ಟೇ. ತಿಂಗಳು ಮುಗಿಯಲು ಹದಿನೇಳು ದಿನ ಉಳಿದಿತ್ತು.

ಆ ಮಂಗಳವಾರ ಅರ್ಧ ದಾರಿ ಹೋದವನು ಕತ್ತರಿ ಮರೆತದ್ದು ನೆನಪಾಗಿ ತಿರುಗಿ ಬಂದ. ಮಂಗಳಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಮಾವ ಹತ್ತಿರದಲ್ಲೆಲ್ಲೂ ಇರಲಿಲ್ಲ.

"ಮಲಗಿ ಕಾಲೆತ್ತಿದ್ರೆ ನೀರಲ್ಲಿ ಮುಳುಗ್ದಂಗಾಯ್ತದೆ ಕಣಣ್ಣ. ಇಳಿಬುಟ್ರೆ ಉಸ್ರು ಬತ್ತದೆ."

"ಮೊದ್ಲೇ ಬಾಯಿ ಬಿಡಾಕೇನಾಗಿತ್ತು ನಿಂಗೆ ರೋಗ?"

"ಈಗ ಬೈದ್ಯಲ್ಲ, ಇದೇ ಆಗಿತ್ತು."

ಕಂಠಪ್ಪ ಕತ್ತರಿ ತೆಗೆದು ಜೇಬಿಗಿಟ್ಟ. ಆಮೇಲೆ ಕೊಟ್ಟಿಗೆಗೆ ಹೋದ. ಮುದುಕರು ಕರುವಿನ ಕುತ್ತಿಗೆ ತುರಿಸುತ್ತಿದ್ದರು.

"ತಪ್ಪು ನಂದು ಯಜಮಾನ್ರೇ. ಅವ್ಳು ಕಾಲು ಇಳಿಬುಟ್ಟಿದ್ದು ನಿಮ್ಮಿಂದಲ್ಲ, ಎದೆಯಿಂದ. ಎದ್ದು ಒಳಕ್ಕೆ ಬರ್ರಿ!"

"ಹೋಗು ಅಂದಾಗ್ಲೂ ಬೈದೆ, ಬಾ ಅನ್ನೋವಾಗ್ಲೂ ಬೈತೀಯಲ್ಲೋ ಮಾರಾಯ," ಅಂದರು ಪುಟ್ಟಮಲ್ಲಪ್ಪ. ಸೊಸೆಯ ಉಸಿರಿನ ಪಾಡೆಲ್ಲ ಕೇಳಿಕೊಂಡು ಕಂಬಳಿ ಕೊಡವಿದರು. "ನಮ್ ಮುದ್ಕಿಗೂ ದಮ್ಮಿತ್ತು. ಭತ್ತದ ಹೊಟ್ಟಿನ ಮೂಟೆ ಬೆನ್ನಿಗೆ ಕೊಡ್ತಿದ್ದೆ. ಕುಂತಂಗೂ ಆಯ್ತದೆ, ಕಾಲು ಚಾಚ್ದಂಗೂ ಆಯ್ತದೆ."

ಕಂಠಪ್ಪ ಹೋಗಿ ಹೇಳಿದ್ದಕ್ಕೆ ಮಾರನೇ ದಿನ ಡಾಕ್ಟರೇ ಬಂದರು. ಎದೆ ಕೇಳಿ ನೋಡಿ, ಕಂಠಪ್ಪನಿಗೆ ಎಲ್ಲರೆದುರೇ ಛೀಮಾರಿ ಹಾಕಿ, ಮೈಯ ನೀರು ಇಳಿಸುವ ಇಂಜೆಕ್ಷನ್ನು ಕೊಟ್ಟರು. ಕಾಲು ಎತ್ತುವುದು ಬೇಡ, ಮಂಚದ ಮಟ್ಟಕ್ಕೆ ಚಾಚಿದರೆ ಸಾಕು ಅಂದರು. ಹೊಟ್ಟಿನ ಮೂಟೆ ಬೆನ್ನಿಗೆ ಬಂತು. ಪುಟ್ಟಮಲ್ಲಪ್ಪ ಮಾತ್ರ ಹಳೇ ಕಂಬಕ್ಕೆ ಹೋಗಲಿಲ್ಲ. ಮೂಟೆಯ ಹಿಂದೆ, ಸೊಸೆಯ ತಲೆಕಡೆಗೆ ಚಾಪೆ ಹಾಸಿಕೊಂಡರು. "ಈಗ ಬಾಗ್ಲ ಕಡೀಕೆ ಚಾಚವ್ವ. ನಾನು ಕಾಣಾಕಿಲ್ಲ," ಅಂದರು.

ತಿಂಗಳು ತುಂಬಿದ ಶುಕ್ರವಾರ ಡಾಕ್ಟರು ನೋಡುತ್ತಿದ್ದ ಹಾಗೇ ಕಂಠಪ್ಪ ನೀಲಿ ಕಾಗದ ಕತ್ತರಿಸಿ ಹಳೆಯದರ ಮೇಲಿಟ್ಟ. ಸುತ್ತಲೂ ಉಗುರಿನ ಅಂಚಿನಷ್ಟು ಹಳೇ ಕಾಗದ ಇಣುಕಿತು.

"ಮೈಸೂರು ಬೇಡ, ಇಲ್ಲೇ ನೋಡೋಣ," ಅಂದರು ಡಾಕ್ಟರು.

ಕಂಠಪ್ಪ ಪಟ್ಟಿ ಸುತ್ತತೊಡಗಿದ. ತಲೆ ಎತ್ತಲಿಲ್ಲ. "ಕಾಲು ಇಳಿಸೀಯಾ, ಜೋಕೆ! ಉಸ್ರು ಕಟ್ಟಿದ್ರೆ ಇಳಿಸು. ಆದ್ರೆ ನಂಗೆ ಹೇಳು."

"ಬೈತೀಯಲ್ಲಣ್ಣ?"

"ಬೈತೀನಿ. ಆದ್ರೂ ಹೇಳು."