ಸಾಸಿವೆಯ ಫ್ರಾಕಿನ ಅಂಚು

‘ಎಲ್ಲರೂ ನಗುತ್ತಿರುವಾಗ ನನಗೊಬ್ಬಳಿಗೇ ಯಾಕೆ ಭಯ?’ ಅಕ್ಕನ ಹೊಲಿಗೆಯಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಮಗುವಿನ ಚಿಕ್ಕಮ್ಮ ತನ್ನೊಳಗೇ ಕೇಳಿಕೊಂಡಳು. ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ.

ಅಕ್ಕ ಮಗಳ ಫ್ರಾಕಿನ ಅಂಚು ಬಿಚ್ಚುತ್ತಿದ್ದಳು. ಮಗು ಬೆಳೆದಾಗ ಇಳಿಸಲೆಂದು ಮಡಿಚಿಟ್ಟ ಬಟ್ಟೆ. ವರ್ಷಗಟ್ಟಲೆ ಮಡಿಚೇ ಇತ್ತು. ಮಗುವಿಗೆ ಹುಟ್ಟಿನಿಂದಲೇ ಪಿಟ್ಯುಟರಿ ಗ್ರಂಥಿಯ ತೊಂದರೆ. ಮಿದುಳಿನ ಬುಡದಲ್ಲಿರುವ ಆ ಕಾಳಿನಷ್ಟು ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಕೊಡುತ್ತಿರಲಿಲ್ಲ. ಹಾಗಾಗಿಯೇ ಮನೆಯವರ ಬಾಯಲ್ಲಿ ಅವಳು ‘ಸಾಸಿವೆ’. ಚುಚ್ಚುಮದ್ದು ಶುರುವಾದ ಮೇಲೆ ಮೊದಲ ಸಲ ಫ್ರಾಕು ಗಿಡ್ಡವಾಗಿತ್ತು.

“ನೋಡ್ರೇ, ನನ್ನ ಸಾಸಿವೆ ಕಡ್ಲೆ ಆದ್ಲು!” ಎಂದು ಅಕ್ಕ ಬೀಗಿದಳು.

ಆದರೆ ಕಡಲೆಗೆ ಮತ್ತೆ ಮತ್ತೆ ಜ್ವರ. ಉಚ್ಚೆಗೆ ಕೂತಾಗ ಹಲ್ಲು ಕಚ್ಚುತ್ತಿದ್ದಳು. ಚಿಕ್ಕಮ್ಮ ಅದನ್ನು ಕಂಡಿದ್ದಳು.

ಸಮವಸ್ತ್ರ ಸಡಿಲ ಮಾಡಿಸಲು ಬಂದಿದ್ದ ನೆರೆಮನೆಯ ನರ್ಸ್ ಕೇಳಿದಳು: “ಇವಳಿಗೆ ಕಿಡ್ನಿ ಸ್ಕ್ಯಾನ್ ಮಾಡಿಸಿದ್ದೀಯೇನೇ?”

“ತೊಂದರೆ ಇರೋದು ತಲೇಲಿ. ಹೊಟ್ಟೆ ಯಾಕೆ ನೋಡ್ಬೇಕು? ನೀವು ಆಸ್ಪತ್ರೆಯವರು ಹುಡುಕ್ತಾ ಹೋದ್ರೆ ಉಗುರಲ್ಲೂ ಒಂದು ಕಾಯಿಲೆ ಸಿಗುತ್ತೆ, ಬಿಡು,” ಎಂದಳು ಅಕ್ಕ.

“ಸಿಡುಕಬೇಡ ಕಣೇ. ಇಂಥ ಮಕ್ಕಳಲ್ಲಿ ಕೆಲವರಿಗೆ ಕಿಡ್ನಿನೂ ಹುಟ್ತಾನೇ ಸರಿ ಇರಲ್ಲ. ಎಲ್ಲರಿಗೂ ಅಲ್ಲ. ನೋಡಿದ್ರೆ ತಾನೇ ಗೊತ್ತಾಗೋದು? ಸೂಜಿ ಇಲ್ಲ, ನೋವಿಲ್ಲ. ಹೊಟ್ಟೆ ಮೇಲೆ ಒಂದಿಷ್ಟು ಅಂಟು ಸವರಿ ಯಂತ್ರ ಆಡಿಸ್ತಾರೆ, ಅಷ್ಟೇ.”

“ಸೂಜಿ ಇಲ್ವಾ? ಹಾಗಾದ್ರೆ ನಾನು ಬರ್ತೀನಿ!” ಮೇಜಿನಡಿಯಿಂದ ಸಾಸಿವೆ ಕೂಗಿದಳು.

ಅಕ್ಕನ ಕತ್ತರಿ ನಿಂತಿತು. “ನನ್ನ ಮಗೂದು ಇನ್ನೊಂದು ಕೊರತೆ ಕೇಳೋ ಶಕ್ತಿ ನನಗಿಲ್ಲ ಕಣೇ,” ಎಂದಳು.

ಚಿಕ್ಕಮ್ಮ ನೆಲದ ಮೇಲಿನ ದಾರ ಹೆಕ್ಕತೊಡಗಿದಳು.

ಮುಂದಿನ ಜ್ವರಕ್ಕೆ ಮಗು ಗಡಗಡ ನಡುಗಿತು. ಅಕ್ಕ ತಾನೇ ಎತ್ತಿಕೊಂಡು, ಚಿಕ್ಕಮ್ಮನ ಜೊತೆ ಆಸ್ಪತ್ರೆಗೆ ಓಡಿದಳು. “ಏನೇನು ನೋಡ್ಬೇಕೋ ಎಲ್ಲಾ ನೋಡಿ,” ಎಂದಳು.

ಪರೀಕ್ಷೆಗಳಾದವು. ಒಂದು ಕಡೆ ಕಿಡ್ನಿಯೇ ಇರಲಿಲ್ಲ. ಇದ್ದ ಒಂದೇ ಒಂದರ ಮೇಲೆ, ಆ ಜ್ವರಗಳ ಹಿಂದಿದ್ದ ಮೂತ್ರದ ಸೋಂಕುಗಳು ಕಲೆ ಉಳಿಸಿದ್ದವು.

“ಹಾಳಾಗಿರೋದು ಸರಿಹೋಗಲ್ಲಮ್ಮ. ಉಳಿದಿರೋದನ್ನ ಕಾಪಾಡೋಣ,” ಎಂದರು ಡಾಕ್ಟರು. ಅಕ್ಕ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು.

ಹೊರಗೆ ಇನ್ನೊಬ್ಬ ತಾಯಿ ತನ್ನ ಮಗನನ್ನು ಗೋಡೆಯ ಅಳತೆಪಟ್ಟಿಗೆ ಒರಗಿಸಿ ನಿಲ್ಲಿಸಿದ್ದಳು. “ಇವನಿಗೂ ಅದೇ ಗ್ರಂಥಿ ತೊಂದರೆ. ಈಗ ನೋಡಿ, ಬೆರಳುದ್ದ ಬೆಳೆದಿದ್ದಾನೆ! ನಮಗೆ ಇನ್ನೇನು ಬೇಕು?”

ಚಿಕ್ಕಮ್ಮ ಆ ತಾಯಿಯ ಹತ್ತಿರ ಹೋದಳು. ಈ ಸಲ ಬಾಯಿ ತೆರೆದಳು.

“ಎತ್ತರ ಒಂದನ್ನೇ ನೋಡ್ಬೇಡಿ ಅಮ್ಮಾ. ಕಿಡ್ನಿ ಸ್ಕ್ಯಾನ್ ಬೇಕಾ ಅಂತ ಇವತ್ತೇ ಡಾಕ್ಟರನ್ನ ಕೇಳಿ. ನಮ್ಮ ಮಗುನೂ ಬೆಳೀತಿತ್ತು. ಅದಕ್ಕೇ ನಾವು ಕೇಳ್ಲಿಲ್ಲ.”