ಮೊದಲ ಪುಟ ಹರಿದ ಪುಸ್ತಕಗಳು

ಪಡಸಾಲೆಯ ತುಂಬ ಹಳೆಯ ಪುಸ್ತಕಗಳು. ನಡುವೆ ಮೈದಾ ಅಂಟಿನ ಬಟ್ಟಲು, ದಬ್ಬಣ, ದಾರದ ಉಂಡೆ ಇಟ್ಟುಕೊಂಡು ಕೂತವಳನ್ನು ಬೀದಿಯವರೆಲ್ಲ ಬೈಂಡಿಂಗ್ ಚಿಕ್ಕಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಭಾವನ ಮನೆಯಲ್ಲಿದ್ದುಕೊಂಡು, ಪುಸ್ತಕ ಹೊಲಿದೇ ಮಗನನ್ನು ಬೆಳೆಸಿದಾಕೆ. ಆ ಮಗ ಗ್ಯಾರೇಜಿನ ಜಗಳದಲ್ಲಿ ಜೊತೆಗಾರನ ತಲೆಗೆ ಸ್ಪ್ಯಾನರ್ ಬೀಸಿದ. ಪೆಟ್ಟು ತಿಂದವನು ಬದುಕಲಿಲ್ಲ. ಹೊಡೆದವನು ಜೈಲು ಸೇರಿದ.

ಅಂದೇ ಭಾವ ಅವನ ಫೋಟೊ ಗೋಡೆಯಿಂದ ಇಳಿಸಿದರು. ಜೈಲಿಗೆ ಹೋದವನು ಆ ಮನೆಯ ಪಾಲಿಗೆ ಸತ್ತಂತೆ. ಅವನ ಹೆಸರೆತ್ತಬಾರದು, ಹೋಗಿ ನೋಡಬಾರದು. ಯಾರಾದರೂ ಕೇಳಿದರೆ ತಾಯಿ ‘ನನಗೆ ಮಕ್ಕಳಿಲ್ಲ’ ಎನ್ನಬೇಕು. ತಲೆತಲಾಂತರದ ಪದ್ಧತಿಯಂತೆ! ಹೆತ್ತವಳ ಬಾಯಿಂದಲೇ ಇಂಥ ಮಾತು ಹೊರಡಿಸುವ ಪದ್ಧತಿಗೆ ಬೆಂಕಿ ಬೀಳಲಿ.

ಇನ್ನೊಂದು ಸೋಜಿಗ ಕೇಳಿ. ಇದೇ ಭಾವನವರು ಬಡಾವಣೆಯ ಸೇವಾ ಸಂಘದ ಅಧ್ಯಕ್ಷರು. ಜೈಲಿನ ಗ್ರಂಥಾಲಯಕ್ಕೆ ಹಳೆ ಪುಸ್ತಕ ದಾನ ಮಾಡುವ ಉಮೇದು ಅವರಿಗೆ ಬಂತು. ಬೀದಿಯವರು ಕೊಟ್ಟರು, ಆದರೆ ತಮ್ಮ ಹೆಸರು ಬರೆದ ಮೊದಲ ಪುಟವನ್ನು ಹರಿದುಬಿಡಬೇಕೆಂಬ ಷರತ್ತಿನ ಮೇಲೆ. ಹೆಸರು ಕಂಬಿಯೊಳಗೆ ಹೋದರೆ ಮನೆತನದ ಮಾನ ಹೋದೀತಲ್ಲ! ಹರಿಯುವ ಕೆಲಸ ಚಿಕ್ಕಮ್ಮನಿಗೇ ಬಂತು. ಹರಿದು, ಹೊಲಿದು, ಅಂಟು ಹಚ್ಚಿ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

ಹಿಂದಿನ ವಾರ, ಬಿಡುಗಡೆಯಾದ ಕೈದಿಯೊಬ್ಬ ಬಾಗಿಲಿಗೆ ಬಂದಿದ್ದ. “ಅಮ್ಮಾ, ಭೇಟಿ ದಿನ ಬಂದ್ರೆ ನಿಮ್ಮ ಮಗ ತಲೆ ಬಾಚ್ಕೊಂಡು ಕಾಯ್ತಿದ್ದ. ಯಾರೂ ಬರ್ತಿರ್ಲಿಲ್ಲ. ಈಗ ಬಾಚೋದೂ ಬಿಟ್ಟಿದ್ದಾನೆ. ಊಟಾನೂ ಸರಿಯಾಗಿ ಮಾಡಲ್ಲ. ಮುಂದಿನ ವಾರ ಭೇಟಿ ಇದೆ...” ಅಷ್ಟರಲ್ಲಿ ಭಾವ ದಡಾರನೆ ಕದ ಹಾಕಿದರು. ಆವತ್ತಿನಿಂದ ಆಕೆಯ ಗಂಟಲಲ್ಲೂ ತುತ್ತು ಇಳಿದಿರಲಿಲ್ಲ.

ಇವತ್ತೇ ಆ ಭೇಟಿಯ ದಿನ. ರಾಶಿಯಿಂದ ಕೈಗೆ ಬಂದದ್ದು ಎಂಜಿನ್ ರಿಪೇರಿಯ ಪುಸ್ತಕ. ಮನೆಯ ಅಟ್ಟ ಖಾಲಿ ಮಾಡುವಾಗ ಯಾರೋ ತಂದು ಸುರಿದಿರಬೇಕು. ಮೊದಲ ಪುಟದಲ್ಲಿ ಗ್ರೀಸ್ ಮೆತ್ತಿದ ಬೆರಳಿನ ಗುರುತು, ಪಕ್ಕದಲ್ಲಿ ಮಗನ ಹೆಸರು. ಚಿಕ್ಕಮ್ಮನ ಕೈ ನಿಂತಿತು.

“ಏನಮ್ಮಾ, ನಿದ್ದೆ ಬಂತಾ? ಹರಿ ಅದನ್ನ,” ಭಾವ ಗದರಿದರು.

“ಇದು ನನ್ನ ಮಗಂದು, ಭಾವ.”

“ಯಾವ ಮಗ? ಮನೆ ಮರ್ಯಾದೆ ಮೂರಾಬಟ್ಟೆ ಮಾಡಿದವನಾ? ಅವನ ಸುದ್ದಿ ಎತ್ತಬೇಡ!”

ಕಾಲೇಜಿನಲ್ಲಿ ಪಾಠ ಹೇಳುವ ಭಾವನ ಮಗಳು ಎದ್ದು ಬಂದಳು. “ಅಪ್ಪಾ, ಅವನು ಮಾಡಿದ್ದು ತಪ್ಪೇ. ಅದಕ್ಕೆ ಕೋರ್ಟು ಶಿಕ್ಷೆ ಕೊಟ್ಟಿದೆ. ಚಿಕ್ಕಮ್ಮಂಗೆ ಶಿಕ್ಷೆ ಕೊಟ್ಟಿದ್ದು ಯಾವ ಕೋರ್ಟು? ಒಳಗಿರೋರು ಓದಿ ಒಳ್ಳೆಯವರಾಗ್ಲಿ ಅಂತ ಪುಸ್ತಕ ಕೊಡ್ತೀರಿ. ಒಳ್ಳೆಯವನಾಗಿ ಅವನು ವಾಪಸ್ ಬರೋದು ಯಾರ ಮನೆಗೆ?”

“ಬಾಯಿ ಮುಚ್ಚು! ನಾಲ್ಕಕ್ಷರ ಕಲಿತು ನನಗೇ ಬುದ್ಧಿ ಹೇಳ್ತೀಯಾ? ಇದು ನಮ್ಮಜ್ಜನ ಕಾಲದಿಂದ ನಡ್ಕೊಂಡು ಬಂದಿದ್ದು!” ಕೆಂಡಾಮಂಡಲವಾದ ಭಾವ ಪುಸ್ತಕಕ್ಕೇ ಕೈ ಹಾಕಿದರು.

ಚಿಕ್ಕಮ್ಮ ಅದನ್ನು ಎದೆಗವಚಿಕೊಂಡಳು. “ಊರವರ ಹೆಸರೆಲ್ಲ ಹರಿದಿದ್ದೀನಿ ಭಾವ, ಇದನ್ನ ಹರಿಯಲ್ಲ. ನನಗೆ ಮಗ ಇದ್ದಾನೆ.”

“ಹಾಗಾದ್ರೆ ಹೊಸ್ತಿಲು ದಾಟು. ಮತ್ತೆ ಈ ಕಡೆ ಬರಬೇಡ!”

“ಆಯ್ತು. ದುಡಿಯೋ ಕೈ ನನ್ನ ಹತ್ರನೇ ಇದೆ.” ದಬ್ಬಣ, ದಾರ ಚೀಲಕ್ಕೆ ಹಾಕಿಕೊಂಡು ಎದ್ದಳು. ಭಾವನ ಮಗಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ನೋಡಿಕೊಳ್ಳಲಿ ಬಿಡಿ!

ಜೈಲಿನ ಗೇಟಿನಲ್ಲಿ ಪೇದೆ ಪುಸ್ತಕ ನೋಡಿ, “ದಾನದ್ದಾ? ಆಫೀಸಲ್ಲಿ ಕೊಟ್ಟು ಹೋಗಿ” ಎಂದ.

“ಕೊಡ್ತೀನಿ. ಮೊದಲು ನನ್ನ ಮಗನ್ನ ನೋಡ್ಬೇಕು. ನಾನು ಅವನ ತಾಯಿ.” ಎಷ್ಟೋ ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಅದು.

ಜಾಲರಿಯ ಆಚೆ ಬಂದು ನಿಂತವನು ಸೊರಗಿ ಕಡ್ಡಿಯಾಗಿದ್ದ, ತಲೆ ಕೆದರಿತ್ತು. ಅಮ್ಮನನ್ನು ಕಂಡು ಎರಡೂ ಕೈಯಿಂದ ಜಾಲರಿ ಹಿಡಿದುಕೊಂಡ. ಆಕೆಯ ಕಣ್ಣು ತುಂಬಿತು, ಬಾಯಿ ಮಾತ್ರ ಗದರಿತು.

“ಇದೇನೋ ನಿನ್ನ ಅವತಾರ? ಹೋಗು, ತಲೆ ಬಾಚ್ಕೊಂಡು ಬಾ. ನಾನು ಇಲ್ಲೇ ಕೂತಿರ್ತೀನಿ.”